ಕಿವಿಯಿಂದ ಕೋಡ್ ಬರೆಯುವವರಿಗೆ: ಗ್ರಾಫಿಕಲ್ ಎಡಿಟರ್ ಬೇಕೆ, ಕಮಾಂಡ್ ಲೈನ್ ಬೇಕೆ?

ದೃಷ್ಟಿಯಿಲ್ಲದವರು ಪ್ರೋಗ್ರಾಮಿಂಗ್ ಕಲಿಯಲು ಹೊರಟಾಗ ಅವರಿಗೆ ಸಿಗುವ ಮೊದಲ ಸಲಹೆ ಬಹುಪಾಲು ಒಂದೇ ಆಗಿರುತ್ತದೆ: ಆಜ್ಞೆಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಕಮಾಂಡ್ ಲೈನ್ ಕಲಿತುಬಿಡಿ, ಅಲ್ಲಿ ಚಿತ್ರವಿಲ್ಲ, ಐಕಾನ್ ಇಲ್ಲ, ಎಲ್ಲವೂ ಅಕ್ಷರವೇ, ಆದ್ದರಿಂದ ತೆರೆಯ ಮೇಲಿನದನ್ನು ಧ್ವನಿಯಲ್ಲಿ ಹೇಳುವ ಸ್ಕ್ರೀನ್ ರೀಡರ್ ಎಲ್ಲವನ್ನೂ ಓದಿಬಿಡುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ, ಆದರೆ ಮಾತು ಅರ್ಧ ಮಾತ್ರ ಸರಿ. ಕಮಾಂಡ್ ಲೈನ್ ನಡೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಇರುವುದು ಅಕ್ಷರಗಳೇ ಹೌದು, ಆದರೆ ಆ ಅಕ್ಷರಗಳನ್ನು ಸಾಲು ಮತ್ತು ಕಾಲಮ್‌ಗಳ ಚೌಕಳಿಯಲ್ಲಿ ಜೋಡಿಸಿಟ್ಟಿರುವುದು ಕಣ್ಣಿಗಾಗಿ. ಖಾಲಿ ಜಾಗಗಳಿಂದ ಹೊಂದಿಸಿದ ಕೋಷ್ಟಕ, ಒಂದೇ ಸಾಲಿನಲ್ಲಿ ತನ್ನನ್ನು ತಾನೇ ಅಳಿಸಿ ಮತ್ತೆ ಮತ್ತೆ ಬರೆದುಕೊಳ್ಳುವ ಪ್ರಗತಿ ಪಟ್ಟಿ, ಕೆಂಪು ಬಣ್ಣದಿಂದಲೇ ಗುರುತು ಹಿಡಿಯಬೇಕಾದ ದೋಷದ ಸಾಲು, ಇವು ಕಿವಿಗೆ ತಲುಪುವ ಹೊತ್ತಿಗೆ ತಮ್ಮ ಅರ್ಥದ ದೊಡ್ಡ ಪಾಲನ್ನು ಕಳೆದುಕೊಂಡಿರುತ್ತವೆ.

ಈ ಸಲಹೆ ಹುಟ್ಟಿದ ಕಾಲದಲ್ಲಿ ಅದು ನಿಜವೇ ಆಗಿತ್ತು. ವಿಂಡೋಸ್‌ಗೂ ಹಿಂದಿನ ಡಾಸ್ ವ್ಯವಸ್ಥೆಯ ಕಾಲದಲ್ಲಿ ತೆರೆಯ ಮೇಲಿನ ಪ್ರತಿಯೊಂದು ಅಕ್ಷರವೂ ಕಂಪ್ಯೂಟರ್‌ನ ಮೆಮೊರಿಯಲ್ಲಿ ಅಕ್ಷರವಾಗಿಯೇ ಇರುತ್ತಿತ್ತು, ಸ್ಕ್ರೀನ್ ರೀಡರ್ ಅದನ್ನು ನೇರವಾಗಿ ಎತ್ತಿಕೊಂಡು ಓದಬಹುದಾಗಿತ್ತು. 1989ರಲ್ಲಿ ಬಂದ ಜಾಸ್ ಎಂಬ ಸ್ಕ್ರೀನ್ ರೀಡರ್ ಕೂಡ ಮೊದಲಿಗೆ ಡಾಸ್‌ಗಾಗಿಯೇ ಬಂದದ್ದು. ವಿಂಡೋಸ್ ಬಂದ ಮೇಲೆ ಅಕ್ಷರಗಳು ತೆರೆಯ ಮೇಲಿನ ಚುಕ್ಕಿಗಳಾದವು, ಸ್ಕ್ರೀನ್ ರೀಡರ್‌ಗಳು ಅವನ್ನು ಹಿಂಬಾಗಿಲಿನಿಂದ ಊಹಿಸಿ ಓದಬೇಕಾಯಿತು, ಆ ಹೊತ್ತಿನಲ್ಲಿ ಕಮಾಂಡ್ ಲೈನ್ ಅಂಧ ಪ್ರೋಗ್ರಾಮರ್‌ಗಳಿಗೆ ನಿಜವಾದ ಆಶ್ರಯವಾಗಿತ್ತು. ಇಂದು ಪರಿಸ್ಥಿತಿ ಬೇರೆ. ಚೆನ್ನಾಗಿ ರೂಪಿಸಿದ ಗ್ರಾಫಿಕಲ್ ಎಡಿಟರ್ ತನ್ನ ಪ್ರತಿಯೊಂದು ಭಾಗದ ಹೆಸರು, ಬಗೆ ಮತ್ತು ಸ್ಥಿತಿಯನ್ನು ಸ್ಕ್ರೀನ್ ರೀಡರ್‌ಗೆ ತಾನೇ ಒಪ್ಪಿಸುತ್ತದೆ, ಟರ್ಮಿನಲ್ ಮಾತ್ರ ಹಳೆಯ ಚೌಕಳಿಯನ್ನೇ ಒಪ್ಪಿಸುತ್ತದೆ. ಗೂಗಲ್‌ನ ಸಂಶೋಧಕರು ಮನುಷ್ಯ ಮತ್ತು ಕಂಪ್ಯೂಟರ್ ನಡುವಿನ ಸಂವಹನ ಕುರಿತ 2021ರ ಸಿಎಚ್‌ಐ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧವೊಂದು, ಕಮಾಂಡ್ ಲೈನ್ ಕೊಡುವ ಉತ್ತರಕ್ಕೆ ಶೀರ್ಷಿಕೆ, ಕೋಷ್ಟಕ ಎಂಬಂಥ ರಚನೆಯೇ ಇಲ್ಲದಿರುವುದು ದೃಷ್ಟಿಯಿಲ್ಲದ ಡೆವಲಪರ್‌ಗಳಿಗೆ ಎಷ್ಟು ತೊಡಕಾಗುತ್ತದೆ ಎಂಬುದನ್ನು ವಿವರವಾಗಿ ತೋರಿಸಿತು.

ಹಾಗಾದರೆ ಗ್ರಾಫಿಕಲ್ ಎಡಿಟರ್ ಹಿಡಿದರೆ ಆಯಿತೇ ಎಂದರೆ, ಅದೂ ಇಲ್ಲ. ನಮ್ಮ ಕಾಲೇಜುಗಳ ಪೈಥಾನ್ ತರಗತಿಗಳು ಸಾಮಾನ್ಯವಾಗಿ ಆರಂಭವಾಗುವ ಐಡಲ್ ಎಂಬ ಎಡಿಟರನ್ನೇ ತೆಗೆದುಕೊಳ್ಳಿ. ಅದು ಪೈಥಾನ್ ಜೊತೆಗೇ ಬರುತ್ತದೆ, ನೋಡಲು ಸರಳವಾಗಿದೆ, ಆದರೆ ಟಿಕಿಂಟರ್‌ನಿಂದ, ಅಂದರೆ ಕಿಟಕಿ ಮತ್ತು ಬಟನ್‌ಗಳನ್ನು ರೂಪಿಸುವ ಟಿಕೆ ಎಂಬ ಸಾಧನವನ್ನು ಪೈಥಾನ್‌ಗೆ ಒದಗಿಸುವ ಭಾಗದಿಂದ, ಕಟ್ಟಿದ್ದು. ಟಿಕೆ 8ರ ಸಾಲಿನ ಆವೃತ್ತಿಗಳು ವಿಂಡೋಸ್‌ನ ಸ್ಕ್ರೀನ್ ರೀಡರ್‌ಗಳಿಗೆ ತಮ್ಮ ಒಳಗಿನದನ್ನು ತಿಳಿಸುವುದಿಲ್ಲವಾದ್ದರಿಂದ ವಿದ್ಯಾರ್ಥಿಗೆ ಐಡಲ್ ಕಿಟಕಿ ಹೆಚ್ಚುಕಡಿಮೆ ಮೌನವಾಗಿಯೇ ಇರುತ್ತದೆ. ಮೊದಲ ದಿನವೇ ಈ ಮೌನವನ್ನು ಎದುರಿಸಿದವರು ತಮಗೆ ಪ್ರೋಗ್ರಾಮಿಂಗ್ ಬಾರದು ಎಂದುಕೊಂಡು ಹಿಂದೆ ಸರಿದರೆ ಅದು ಅವರ ತಪ್ಪಲ್ಲ.

ಆದ್ದರಿಂದ ಯಾವುದು ಮೇಲು ಎಂಬ ಪ್ರಶ್ನೆಯನ್ನು ಸಾಧನಗಳ ಮಟ್ಟದಲ್ಲಿ ಕೇಳದೆ ಕೆಲಸಗಳ ಮಟ್ಟದಲ್ಲಿ ಕೇಳಬೇಕು ಎಂಬುದೇ ಈ ಬರಹದ ನಿಲುವು. ಕೆಳಗಿನ ಹಂತಗಳು ವಿಂಡೋಸ್, ಎನ್‌ವಿಡಿಎ ಸ್ಕ್ರೀನ್ ರೀಡರ್ ಮತ್ತು ಪೈಥಾನ್ ಭಾಷೆಯನ್ನು ಆಧರಿಸಿವೆ. ಎನ್‌ವಿಡಿಎ ಉಚಿತ, 2006ರಿಂದ ಬೆಳೆಯುತ್ತಿರುವ ಮುಕ್ತ ತಂತ್ರಾಂಶ, ಮಿಗಿಲಾಗಿ ಅದರ ಬಹುಭಾಗವನ್ನು ಬರೆದಿರುವುದೂ ಪೈಥಾನ್‌ನಲ್ಲೇ. ಮ್ಯಾಕ್ ಮತ್ತು ಲಿನಕ್ಸ್ ಬಳಸುವವರಿಗೆ ಅಲ್ಲಲ್ಲಿ ಬೇರೆಯಾಗಿ ಹೇಳಿದೆ. ಎಲ್ಲ ಹಂತಗಳನ್ನು ಅವಸರವಿಲ್ಲದೆ ಮುಗಿಸಲು ಎರಡು ವಾರ ಇಟ್ಟುಕೊಳ್ಳಿ.

ಹಂತ 1: ಮೊದಲು ಸ್ಕ್ರೀನ್ ರೀಡರನ್ನು ಕೋಡ್‌ಗೆ ಹದಗೊಳಿಸಿ

ಪತ್ರಿಕೆ ಓದಲು ಸರಿಯಾಗಿರುವ ಹೊಂದಾಣಿಕೆ ಕೋಡ್ ಓದಲು ಸಾಲದು. ಎಡಿಟರ್ ಕೆಟ್ಟದ್ದು ಎಂದು ಕೇಳಿಬರುವ ದೂರುಗಳಲ್ಲಿ ಎಷ್ಟೋ ನಿಜವಾಗಿ ಸ್ಕ್ರೀನ್ ರೀಡರ್‌ನ ಹೊಂದಾಣಿಕೆಗೆ ಸೇರಿದವು, ಹಾಗಾಗಿ ಈ ಹಂತವನ್ನು ಬಿಟ್ಟು ಮುಂದೆ ಹೋದರೆ ನಂತರದ ಹೋಲಿಕೆಗೆ ಬೆಲೆಯೇ ಇರುವುದಿಲ್ಲ.

ಎನ್‌ವಿಡಿಎ ಕೀ, ಅಂದರೆ ಇನ್ಸರ್ಟ್ ಅಥವಾ ನೀವು ಹಾಗೆ ಗೊತ್ತುಮಾಡಿಕೊಂಡಿದ್ದರೆ ಕ್ಯಾಪ್ಸ್ ಲಾಕ್, ಅದರೊಡನೆ ಕಂಟ್ರೋಲ್ ಮತ್ತು ಡಿ ಒತ್ತಿದರೆ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ಹೊಂದಾಣಿಕೆ ತೆರೆಯುತ್ತದೆ. ಅಲ್ಲಿ ಸಾಲಿನ ಇಂಡೆಂಟ್, ಅಂದರೆ ಸಾಲಿನ ಆರಂಭದಲ್ಲಿ ಬಿಟ್ಟ ಖಾಲಿ ಜಾಗ, ತಿಳಿಸುವ ಆಯ್ಕೆಯಿದ್ದು, ಅದನ್ನು ಮಾತಿನಲ್ಲಿ, ಸ್ವರದಲ್ಲಿ ಅಥವಾ ಎರಡರಲ್ಲೂ ಕೇಳಬಹುದು. ಮಾತಿನಲ್ಲಿ ಕೇಳಿದರೆ ಇಂಡೆಂಟ್ ಬದಲಾದಾಗ ಮಾತ್ರ ಎಷ್ಟು ಖಾಲಿ ಜಾಗವಿದೆ ಎಂಬ ಸಂಖ್ಯೆ ಬರುತ್ತದೆ. ಸ್ವರದಲ್ಲಿ ಕೇಳಿದರೆ ಪ್ರತಿ ಖಾಲಿ ಜಾಗಕ್ಕೂ ಶ್ರುತಿ ಒಂದೊಂದು ಮೆಟ್ಟಿಲು ಏರುತ್ತದೆ, ಟ್ಯಾಬ್ ಒಂದಕ್ಕೆ ನಾಲ್ಕು ಮೆಟ್ಟಿಲು. ಆರಂಭದ ಕೆಲವು ದಿನ ಎರಡನ್ನೂ ಇಟ್ಟುಕೊಂಡು, ಕಿವಿ ಸ್ವರಕ್ಕೆ ಪಳಗಿದ ಮೇಲೆ ಸಂಖ್ಯೆಯನ್ನು ತೆಗೆದುಹಾಕುವುದು ಒಳ್ಳೆಯ ಕ್ರಮ. ಪೈಥಾನ್‌ನಲ್ಲಿ ಇಂಡೆಂಟೇ ವ್ಯಾಕರಣವಾಗಿರುವುದರಿಂದ ಇದಿಲ್ಲದೆ ಕೋಡ್ ಓದುವುದು ಪೂರ್ಣವಿರಾಮವಿಲ್ಲದ ಪುಸ್ತಕ ಓದಿದಂತೆ.

ಎನ್‌ವಿಡಿಎ ಕೀಯೊಡನೆ ಪಿ ಒತ್ತುತ್ತ ಹೋದರೆ ಚಿಹ್ನೆಗಳನ್ನು ಎಷ್ಟರ ಮಟ್ಟಿಗೆ ಓದಬೇಕು ಎಂಬುದು ಬದಲಾಗುತ್ತದೆ. ಕೋಡ್‌ಗೆ ಎಲ್ಲ ಚಿಹ್ನೆಗಳೂ ಕೇಳಿಸಬೇಕು, ಆದರೆ ಅದೇ ಮಟ್ಟವನ್ನು ಇಮೇಲ್‌ನಲ್ಲೂ ಇಟ್ಟರೆ ತಲೆ ಚಿಟ್ಟು ಹಿಡಿಯುತ್ತದೆ. ಇದಕ್ಕಾಗಿ ಪ್ರೊಫೈಲ್ ಎಂಬ ವ್ಯವಸ್ಥೆಯಿದೆ. ಎನ್‌ವಿಡಿಎ ಕೀ, ಕಂಟ್ರೋಲ್ ಮತ್ತು ಪಿ ಒತ್ತಿ, ನಿಮ್ಮ ಎಡಿಟರ್‌ಗೆ ಒಂದು ಮತ್ತು ಟರ್ಮಿನಲ್‌ಗೆ ಇನ್ನೊಂದು ಪ್ರೊಫೈಲ್ ಮಾಡಿಟ್ಟರೆ ಆಯಾ ಕಿಟಕಿಗೆ ಹೋದೊಡನೆ ಹೊಂದಾಣಿಕೆ ತಾನಾಗಿ ಬದಲಾಗುತ್ತದೆ. ಚಿಹ್ನೆಗಳ ಉಚ್ಚಾರಣೆಯನ್ನೂ ಮೊಟಕುಗೊಳಿಸಬಹುದು; ತೆರೆಯುವ ಮತ್ತು ಮುಚ್ಚುವ ಕಂಸಗಳಿಗೆ ಎರಡೆರಡು ಅಕ್ಷರದ ಹೆಸರು ಕೊಟ್ಟುಕೊಂಡರೆ ದಿನವೊಂದಕ್ಕೆ ಉಳಿಯುವ ಸಮಯ ಚಿಕ್ಕದಲ್ಲ.

ಕನ್ನಡದಲ್ಲಿ ತಂತ್ರಾಂಶ ಬರೆಯುವವರಿಗೆ ಒಂದು ತೊಡಕು ಹೆಚ್ಚಾಗಿ ಬರುತ್ತದೆ. ಕೋಡ್ ಇಂಗ್ಲಿಷ್‌ನಲ್ಲಿ, ಸಂದೇಶಗಳು ಕನ್ನಡದಲ್ಲಿ ಇರುವಾಗ ಇಂಗ್ಲಿಷ್ ಧ್ವನಿ ಕನ್ನಡ ಪದಗಳನ್ನು ಸರಿಯಾಗಿ ಓದದು. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಎನ್‌ಜಿ ಎಂಬ ಧ್ವನಿ ತಂತ್ರಾಂಶದಲ್ಲಿ ಕನ್ನಡ ಧ್ವನಿಯಿದೆ. ಅದನ್ನು ಮತ್ತೊಂದು ಪ್ರೊಫೈಲ್‌ನಲ್ಲಿಟ್ಟು ಒಂದು ಕೀಗೆ ಕಟ್ಟಿಕೊಳ್ಳಬಹುದು. ಅದಕ್ಕಿಂತ ಒಳ್ಳೆಯ ದಾರಿಯೆಂದರೆ ಕನ್ನಡ ಸಂದೇಶಗಳನ್ನೆಲ್ಲ ಕೋಡ್‌ನಿಂದ ಹೊರತೆಗೆದು ಪ್ರತ್ಯೇಕ ಫೈಲ್‌ನಲ್ಲಿ ಇಡುವುದು. ಆಗ ಕೋಡ್ ಒಂದು ಧ್ವನಿಯಲ್ಲಿ, ಸಂದೇಶ ಇನ್ನೊಂದು ಧ್ವನಿಯಲ್ಲಿ ಓದಿಸಿಕೊಳ್ಳಬಹುದು, ಅನುವಾದವೂ ಸುಲಭವಾಗುತ್ತದೆ.

ಹಂತ 2: ಕೆಲಸಗಳ ಪಟ್ಟಿ ಮಾಡಿ, ನಾಲ್ಕು ಅಳತೆಗೋಲು ಇಟ್ಟುಕೊಳ್ಳಿ

ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಕೋಡ್‌ಟಾಕ್ ಎಂಬ ಯೋಜನೆಯೊಂದು ನಡೆಯಿತು. ವಿಷುವಲ್ ಸ್ಟುಡಿಯೋ ಎಂಬ ಎಡಿಟರ್‌ಗೆ ಸೇರಿಸಬಹುದಾದ ಈ ಪ್ಲಗಿನ್ ಕುರಿತ ಪ್ರಬಂಧ 2018ರಲ್ಲಿ ಪ್ರಕಟವಾಯಿತು. ದೃಷ್ಟಿಯಿಲ್ಲದ ಡೆವಲಪರ್‌ಗಳ ತೊಂದರೆಗಳನ್ನು ಅದು ನಾಲ್ಕು ಗುಂಪುಗಳಲ್ಲಿ ಇರಿಸಿತ್ತು: ಸಾಧನದಲ್ಲಿ ಏನೇನು ಸೌಲಭ್ಯವಿದೆ ಎಂಬುದು ಗೊತ್ತಾಗುವುದು, ಕಣ್ಣಾಡಿಸಿದವರಿಗೆ ಸಿಗುವಂಥ ಸ್ಥೂಲ ನೋಟ ಸಿಗುವುದು, ಕೋಡ್‌ನೊಳಗೆ ಬೇಕಾದೆಡೆಗೆ ಓಡಾಡಲು ಆಗುವುದು, ಏನಾದರೂ ತಪ್ಪಿದಾಗ ಎಚ್ಚರಿಕೆ ಬರುವುದು. ಇವುಗಳಿಗಿಂತ ಒಳ್ಳೆಯ ಅಳತೆಗೋಲು ನನಗೆ ಬೇರೆಲ್ಲೂ ಕಂಡಿಲ್ಲ. ಅದೇ ಯೋಜನೆಯ ಟಾಕ್‌ಪಾಯಿಂಟ್ ಎಂಬ ಕಲ್ಪನೆಯೂ ಸೊಗಸಾದದ್ದು: ಪ್ರೋಗ್ರಾಮ್ ಓಡುತ್ತ ಒಂದು ಸಾಲಿಗೆ ಬಂದಾಗ ಅದು ಶಬ್ದ ಮಾಡುತ್ತದೆ ಅಥವಾ ನೀವು ಕೇಳಿದ ವೇರಿಯಬಲ್‌ನ ಬೆಲೆಯನ್ನು ನುಡಿಯುತ್ತದೆ.

ಈಗ ನಿಮ್ಮ ಕೆಲಸಗಳನ್ನು ಬರೆದುಕೊಳ್ಳಿ. ಹೊಸ ಫೈಲ್ ಬರೆಯುವುದು, ಬೇರೆಯವರ ಸಾವಿರ ಸಾಲಿನ ಫೈಲ್‌ನಲ್ಲಿ ಒಂದು ಫಂಕ್ಷನ್ ಹುಡುಕುವುದು, ಟೆಸ್ಟ್ ಓಡಿಸುವುದು, ದೋಷದ ಮೂಲ ಪತ್ತೆಹಚ್ಚುವುದು, ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಬದಲಾವಣೆ ಪರಿಶೀಲಿಸುವುದು, ದೂರದ ಸರ್ವರ್‌ನಲ್ಲಿ ಲಾಗ್ ನೋಡುವುದು, ಹೀಗೆ ನಿಮ್ಮ ಒಂದು ವಾರದಲ್ಲಿ ನಿಜವಾಗಿ ಬರುವ ಕೆಲಸಗಳು ಮಾತ್ರ ಇರಲಿ. ಪ್ರತಿಯೊಂದರ ಎದುರಿಗೂ ಮೇಲಿನ ನಾಲ್ಕರಲ್ಲಿ ಯಾವುದು ಮುಖ್ಯ ಎಂದು ಗುರುತು ಹಾಕಿ. ಫಂಕ್ಷನ್ ಹುಡುಕಲು ಓಡಾಟ ಮುಖ್ಯ, ಟೆಸ್ಟ್ ಓಡಿಸಲು ಎಚ್ಚರಿಕೆ ಮುಖ್ಯ, ಅಪರಿಚಿತ ಫೈಲ್ ತೆರೆದಾಗ ಸ್ಥೂಲ ನೋಟವೇ ಮುಖ್ಯ.

ಹಂತ 3: ಗ್ರಾಫಿಕಲ್ ಎಡಿಟರನ್ನು ಸರಿಯಾಗಿ ಪರೀಕ್ಷಿಸಿ

ಪರೀಕ್ಷೆಗೆ ವಿಎಸ್ ಕೋಡ್ ಎಂಬ ಎಡಿಟರನ್ನು ಆಯ್ದುಕೊಳ್ಳುವುದು ಸೂಕ್ತ. ಅದು ಉಚಿತ, ಅನೇಕ ಕಂಪನಿಗಳಲ್ಲಿ ಬಳಕೆಯಲ್ಲಿದೆ, ಕೀಬೋರ್ಡ್‌ನಿಂದಲೇ ಪೂರ್ತಿ ನಡೆಸಬಹುದು. ಎಡಿಟರ್ ಒಳಗೆ ಆಲ್ಟ್ ಮತ್ತು ಎಫ್1 ಒತ್ತಿದರೆ ಸ್ಕ್ರೀನ್ ರೀಡರ್ ಬಳಸುವವರಿಗಾಗಿಯೇ ಬರೆದ ಸಹಾಯ ಪುಟ ತೆರೆಯುತ್ತದೆ, ಅದನ್ನು ಮೊದಲ ದಿನವೇ ಒಮ್ಮೆ ಪೂರ್ತಿ ಓದಬೇಕು. ಸ್ಕ್ರೀನ್ ರೀಡರ್ ಇರುವುದನ್ನು ಎಡಿಟರ್ ತಾನಾಗಿ ಗುರುತಿಸದಿದ್ದರೆ ಶಿಫ್ಟ್, ಆಲ್ಟ್ ಮತ್ತು ಎಫ್1 ಒತ್ತಿ ಆ ವಿಧಾನವನ್ನು ಕೈಯಾರೆ ಚಾಲೂ ಮಾಡಬಹುದು.

ಮೊದಲ ವಾರದಲ್ಲಿ ಎಲ್ಲರನ್ನೂ ಕಾಡುವ ಸಂಗತಿಗಳು ಎರಡು. ಟ್ಯಾಬ್ ಒತ್ತಿದರೆ ಎಡಿಟರ್‌ನಿಂದ ಹೊರಗೆ ಹೋಗುವ ಬದಲು ಕೋಡ್‌ನಲ್ಲಿ ಇಂಡೆಂಟ್ ಸೇರುತ್ತದೆ. ಕಂಟ್ರೋಲ್ ಮತ್ತು ಎಂ ಒತ್ತಿದರೆ ಈ ನಡವಳಿಕೆ ಬದಲಾಗುತ್ತದೆ, ಮತ್ತೆ ಒತ್ತಿದರೆ ಮೊದಲಿನಂತಾಗುತ್ತದೆ. ಇನ್ನೊಂದು, ಟೈಪ್ ಮಾಡುವಾಗ ಸಲಹೆಗಳ ಪಟ್ಟಿ ತಾನಾಗಿ ತೆರೆದು ನಿಮ್ಮ ಅಕ್ಷರಗಳ ಮೇಲೆಯೇ ಮಾತನಾಡತೊಡಗುತ್ತದೆ. ಹೊಂದಾಣಿಕೆಯಲ್ಲಿ ಕ್ವಿಕ್ ಸಜೆಶನ್ಸ್ ಎಂಬುದನ್ನು ಆಫ್ ಮಾಡಿ, ಬೇಕೆನಿಸಿದಾಗ ಮಾತ್ರ ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿ ಸಲಹೆ ಕೇಳಿ. ಕಣ್ಣಿರುವವರು ಬೇಡವಾದ ಸಲಹೆಯನ್ನು ನೋಡಿಯೂ ನೋಡದಂತೆ ಇರಬಲ್ಲರು, ಕಿವಿಗೆ ಆ ಅನುಕೂಲವಿಲ್ಲ.

ಓಡಾಟದ ಕೀಗಳನ್ನು ದಿನಕ್ಕೆ ಎರಡರಂತೆ ಕಲಿಯಿರಿ. ಕಂಟ್ರೋಲ್, ಶಿಫ್ಟ್ ಮತ್ತು ಓ ಒತ್ತಿದರೆ ಫೈಲ್‌ನಲ್ಲಿರುವ ಕ್ಲಾಸ್ ಮತ್ತು ಫಂಕ್ಷನ್‌ಗಳ ಪಟ್ಟಿ ಬರುತ್ತದೆ, ಸ್ಥೂಲ ನೋಟಕ್ಕೆ ಇದಕ್ಕಿಂತ ಹತ್ತಿರದ್ದು ಬೇರೆಯಿಲ್ಲ. ಎಫ್12 ಒತ್ತಿದರೆ ಫಂಕ್ಷನ್ ಬರೆದಿರುವ ಜಾಗಕ್ಕೆ ಜಿಗಿತ, ಆಲ್ಟ್ ಮತ್ತು ಎಡಬಾಣ ಒತ್ತಿದರೆ ಬಂದ ದಾರಿಗೆ ವಾಪಸು. ಎಫ್8 ಒತ್ತಿದರೆ ಮುಂದಿನ ದೋಷಕ್ಕೆ ಹೋಗಿ ಅದರ ವಿವರ ಓದಿಸುತ್ತದೆ. ಎಫ್6 ಕಿಟಕಿಯ ಒಂದು ಭಾಗದಿಂದ ಇನ್ನೊಂದಕ್ಕೆ ಕರೆದೊಯ್ಯುತ್ತದೆ, ದಾರಿ ತಪ್ಪಿದಾಗ ಇದನ್ನೇ ನೆನಪಿಸಿಕೊಳ್ಳಿ. ಕಂಟ್ರೋಲ್, ಶಿಫ್ಟ್ ಮತ್ತು ಪಿ ಒತ್ತಿದರೆ ಸಿಗುವ ಕಮಾಂಡ್ ಪ್ಯಾಲೆಟ್‌ನಲ್ಲಿ ಬೇಕಾದ ಕೆಲಸದ ಹೆಸರು ಟೈಪ್ ಮಾಡಿದರೆ ಸಾಕು. ಗ್ರಾಫಿಕಲ್ ಎಡಿಟರ್‌ನ ಒಳಗೇ ಕುಳಿತಿರುವ ಕಮಾಂಡ್ ಲೈನ್ ಅದು ಎಂದರೂ ತಪ್ಪಾಗದು. ಅದೇ ಪ್ಯಾಲೆಟ್‌ನಲ್ಲಿ ಲಿಸ್ಟ್ ಸಿಗ್ನಲ್ ಸೌಂಡ್ಸ್ ಎಂದು ಹುಡುಕಿದರೆ ದೋಷವಿರುವ ಸಾಲು, ಓಡುವ ಪ್ರೋಗ್ರಾಮ್ ನಿಲ್ಲಬೇಕಾದ ಕಡೆ ಇಡುವ ಬ್ರೇಕ್‌ಪಾಯಿಂಟ್, ಮಡಚಿದ ಭಾಗ ಇವಕ್ಕೆಲ್ಲ ಬೇರೆ ಬೇರೆ ಶಬ್ದಗಳು ಸಿಗುತ್ತವೆ.

ಬದಲಾವಣೆ ಪರಿಶೀಲಿಸುವಾಗ ಹಳತು ಎಡಕ್ಕೆ, ಹೊಸತು ಬಲಕ್ಕೆ ಕಾಣುವ ಅಕ್ಕಪಕ್ಕದ ನೋಟ ಕಿವಿಗೆ ನಿರುಪಯೋಗಿ. ಆ ನೋಟದಲ್ಲಿ ಎಫ್7 ಒತ್ತಿದರೆ ಬದಲಾವಣೆಗಳು ಒಂದರ ಕೆಳಗೊಂದು ಸಾಲಾಗಿ, ಸೇರಿಸಿದ್ದು ಮತ್ತು ತೆಗೆದದ್ದು ಎಂಬ ಗುರುತಿನೊಡನೆ ಬರುತ್ತವೆ. ಈ ಒಂದು ಕೀ ಗೊತ್ತಿಲ್ಲದೆ ಈ ಎಡಿಟರನ್ನೇ ಬಿಟ್ಟವರು ಇರಬಹುದು ಎಂದು ನನಗೆ ಆಗಾಗ ಅನಿಸುತ್ತದೆ.

ಬೇರೆ ಎಡಿಟರ್‌ಗಳ ಬಗ್ಗೆ ಚುಟುಕಾಗಿ: ಸಣ್ಣ ಫೈಲ್‌ಗಳಿಗೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಗುರವಾಗಿದೆ, ಗದ್ದಲವಿಲ್ಲ. ಜಾವಾಗೆ ಎಕ್ಲಿಪ್ಸ್ ಆಪರೇಟಿಂಗ್ ಸಿಸ್ಟಮ್‌ನದೇ ಬಟನ್ ಮತ್ತು ಪಟ್ಟಿಗಳನ್ನು ಬಳಸುವುದರಿಂದ ಸ್ಕ್ರೀನ್ ರೀಡರ್‌ಗೆ ಚೆನ್ನಾಗಿ ಒದಗುತ್ತದೆ. ಇಂಟೆಲಿಜೆ ಮತ್ತು ಅದರ ಬಳಗದ ಎಡಿಟರ್‌ಗಳಿಗೆ ವಿಂಡೋಸ್‌ನಲ್ಲಿ ಜಾವಾ ಕಿಟಕಿಗಳ ವಿವರವನ್ನು ಸ್ಕ್ರೀನ್ ರೀಡರ್‌ಗೆ ತಲುಪಿಸುವ ಜಾವಾ ಆಕ್ಸೆಸ್ ಬ್ರಿಡ್ಜ್ ಚಾಲೂ ಇರಬೇಕು, ಜೊತೆಗೆ ಎಡಿಟರ್‌ನೊಳಗಿನ ಸ್ಕ್ರೀನ್ ರೀಡರ್ ಆಯ್ಕೆಯನ್ನೂ ಆರಿಸಬೇಕು. ಮ್ಯಾಕ್‌ನಲ್ಲಿ ಐಫೋನ್ ಆ್ಯಪ್ ಬರೆಯುವವರು ಅದರದೇ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರ್‌ನೊಡನೆ ಎಕ್ಸ್‌ಕೋಡ್ ಎಡಿಟರ್ ಬಳಸದೆ ವಿಧಿಯಿಲ್ಲ.

ಹಂತ 4: ಟರ್ಮಿನಲ್ ಅನ್ನು ಮಿತಭಾಷಿಯಾಗಿಸಿ

ಟರ್ಮಿನಲ್‌ನ ನಿಜವಾದ ಗುಣವೆಂದರೆ, ಒಂದು ಪ್ರಶ್ನೆಯನ್ನು ನಿಖರವಾಗಿ ಕೇಳಿದರೆ ಅಷ್ಟಕ್ಕೇ ಉತ್ತರ ಕೊಡುವಂತೆ ಅದನ್ನು ಪಳಗಿಸಬಹುದು. ಪಳಗಿಸದಿದ್ದರೆ ಮಾತ್ರ ಅದರಷ್ಟು ವಾಚಾಳಿ ಬೇರೊಂದಿಲ್ಲ.

ಮುಂದಿನ ಆಜ್ಞೆಗೆ ಸಿದ್ಧ ಎಂದು ಟರ್ಮಿನಲ್ ತೋರಿಸುವ ಪ್ರಾಂಪ್ಟ್‌ನಿಂದ ಆರಂಭಿಸಿ. ಪ್ರತಿ ಆಜ್ಞೆಯ ಬಳಿಕ ಡ್ರೈವ್, ಬಳಕೆದಾರ, ನಾಲ್ಕು ಫೋಲ್ಡರ್‌ಗಳ ಹೆಸರು ಎಲ್ಲವನ್ನೂ ಕೇಳುವ ಅಗತ್ಯವಿಲ್ಲ. ವಿಂಡೋಸ್‌ನ ಕಮಾಂಡ್ ಲೈನ್ ಆದ ಪವರ್‌ಶೆಲ್‌ನಲ್ಲಿ ಪ್ರಾಂಪ್ಟ್ ಎಂಬ ಫಂಕ್ಷನ್ ಬರೆದುಕೊಂಡರೆ, ಲಿನಕ್ಸ್‌ನಲ್ಲಿ ಬಳಸುವ ಬ್ಯಾಷ್‌ನಲ್ಲಿ ಪಿಎಸ್1 ಎಂಬ ವೇರಿಯಬಲ್ ಬದಲಿಸಿದರೆ ಅದು ಕೊನೆಯ ಫೋಲ್ಡರ್‌ನ ಹೆಸರಿಗೆ ಇಳಿಯುತ್ತದೆ. ಆಮೇಲೆ ಗಿಟ್. ಅದು ಉದ್ದದ ಉತ್ತರವನ್ನು ಪೇಜರ್ ಎಂಬ ಇನ್ನೊಂದು ಪ್ರೋಗ್ರಾಮ್‌ನೊಳಗೆ ತೆರೆಯುವುದರಿಂದ ಪ್ರಾಂಪ್ಟ್ ಎಲ್ಲಿ ಹೋಯಿತೆಂದು ಹೊಸಬರು ಗಲಿಬಿಲಿಗೊಳ್ಳುತ್ತಾರೆ. ಕೋರ್ ಡಾಟ್ ಪೇಜರ್ ಎಂಬ ಹೊಂದಾಣಿಕೆಗೆ ಕ್ಯಾಟ್ ಎಂದು ಕೊಟ್ಟರೆ ಆ ಕಾಟ ತಪ್ಪುತ್ತದೆ. ಗಿಟ್ ಲಾಗ್‌ಗೆ ಒನ್‌ಲೈನ್ ಆಯ್ಕೆ ಮತ್ತು ಹತ್ತು ಎಂಬ ಮಿತಿ ಸೇರಿಸಿದರೆ ಹತ್ತೇ ಸಾಲು ಬರುತ್ತದೆ. ತಂತ್ರಾಂಶ ತಂದು ಹೊಂದಿಸುವ ಪಿಪ್, ಎನ್‌ಪಿಎಂ, ಡಾಕರ್ ಮೂರಕ್ಕೂ ಪ್ರಗತಿ ಪಟ್ಟಿಯನ್ನು ನಿಲ್ಲಿಸುವ ಅಥವಾ ಸರಳ ಸಾಲುಗಳಾಗಿಸುವ ಆಯ್ಕೆಗಳಿವೆ. ಗಿಟ್‌ಹಬ್‌ನ ಕಮಾಂಡ್ ಲೈನ್ ಸಾಧನದಲ್ಲಿ 2025ರಲ್ಲಿ ಸ್ಕ್ರೀನ್ ರೀಡರ್‌ಗೆ ಒಗ್ಗುವ ಪ್ರಶ್ನೆಗಳ ಆಯ್ಕೆಯೂ, ತಿರುಗುವ ಗುರುತಿನ ಬದಲು ಪಠ್ಯ ತೋರಿಸುವ ಆಯ್ಕೆಯೂ ಬಂದವು.

ಉತ್ತರ ಇಪ್ಪತ್ತು ಸಾಲು ಮೀರುವಂತಿದ್ದರೆ ಅದನ್ನು ಟರ್ಮಿನಲ್‌ನಲ್ಲೇ ಓದಲು ಹಟ ಹಿಡಿಯಬಾರದು. ಫೈಲ್‌ಗೆ ಕಳಿಸಿ, ಎಡಿಟರ್‌ನಲ್ಲಿ ತೆರೆದು, ಹುಡುಕಿ ಓದಿ. ಅಥವಾ ವಿಂಡೋಸ್‌ನಲ್ಲಿ ಒಂದು ಆಜ್ಞೆಯ ಉತ್ತರವನ್ನು ಇನ್ನೊಂದಕ್ಕೆ ದಾಟಿಸುವ ಪೈಪ್ ಮೂಲಕ ಕ್ಲಿಪ್ ಎಂಬ ಆಜ್ಞೆಗೆ ಕಳಿಸಿ ಬೇಕಾದಲ್ಲಿ ಪೇಸ್ಟ್ ಮಾಡಿ. ಫೈಲ್‌ಗೆ ಕಳಿಸುವಾಗ ಬಣ್ಣ ನಿಲ್ಲಿಸಿರಬೇಕು, ಇಲ್ಲವಾದರೆ ಬಣ್ಣದ ಸಂಕೇತಗಳೂ ಕೆಲವೊಮ್ಮೆ ಜೊತೆಗೆ ಸೇರಿ ಸಾಲಿನ ನಡುವೆ ಬ್ರಾಕೆಟ್, 31, ಎಂ ಎಂಬ ಅರ್ಥವಿಲ್ಲದ ಸದ್ದು ಕೇಳುತ್ತದೆ. ನೋ ಕಲರ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಟರೆ ಅನೇಕ ಸಾಧನಗಳು ಅದನ್ನು ಗೌರವಿಸುತ್ತವೆ. ಹೆಸರಿನ ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಬರಬೇಕು, ಎಲ್ಲವೂ ದೊಡ್ಡಕ್ಷರವಾಗಿರಬೇಕು. ಕನ್ನಡ ಅಕ್ಷರಗಳಿರುವ ಉತ್ತರವನ್ನಂತೂ ಯುಟಿಎಫ್-8 ಫೈಲ್‌ಗೆ ಕಳಿಸಿಯೇ ಓದುವುದು ಮೇಲು. ಟರ್ಮಿನಲ್ ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕದಲ್ಲಿ ಕಟ್ಟಿದ್ದು, ‘ಕ್ಷ’ ಎಂಬ ಒಂದೇ ಅಕ್ಷರ ಪೈಥಾನ್‌ಗೆ ಮೂರು ಉದ್ದದ್ದು. ಈ ಎರಡು ಲೆಕ್ಕ ಹೊಂದದಿದ್ದಾಗ ಅಕ್ಷರಶಃ ಓದಲು ಹೊರಟ ಕರ್ಸರ್ ಎಲ್ಲೋ ಇರುತ್ತದೆ, ಧ್ವನಿ ಇನ್ನೆಲ್ಲೋ ಇರುತ್ತದೆ.

ಎಚ್ಚರಿಕೆಯ ಗುಣವನ್ನು ಟರ್ಮಿನಲ್‌ಗೆ ನೀವೇ ಕಲಿಸಬೇಕಾಗುತ್ತದೆ. ಪವರ್‌ಶೆಲ್‌ನಲ್ಲಿ ಕನ್ಸೋಲ್ ಬೀಪ್‌ಗೆ ಸ್ವರದ ಎತ್ತರ ಮತ್ತು ಅವಧಿಯನ್ನು ಕೊಡಬಹುದಾದ್ದರಿಂದ, ಟೆಸ್ಟ್ ಓಡಿಸುವ ಪುಟ್ಟ ಸ್ಕ್ರಿಪ್ಟ್ ಬರೆದು ಗೆದ್ದರೆ ಏರುಸ್ವರ, ಸೋತರೆ ಇಳಿಸ್ವರ ಬರುವಂತೆ ಮಾಡಿ. ಉತ್ತರ ಹರಿದು ಬರುವಾಗಲೆಲ್ಲ ಎನ್‌ವಿಡಿಎ ಓದುತ್ತ ಹೋಗುವುದು ಬೇಡವಾದರೆ ಎನ್‌ವಿಡಿಎ ಕೀಯೊಡನೆ 5 ಒತ್ತಿ ನಿಲ್ಲಿಸಿ, ಸ್ವರ ಕೇಳಿದ ಮೇಲೆ ಕೊನೆಯ ಕೆಲವು ಸಾಲುಗಳನ್ನು, ತೆರೆಯ ಮೇಲಿನದನ್ನು ಓದಲೆಂದೇ ಎನ್‌ವಿಡಿಎ ಕೊಡುವ ರಿವ್ಯೂ ಕರ್ಸರ್‌ನಿಂದ ಓದಿಕೊಳ್ಳಬಹುದು. ನಂಬರ್ ಪ್ಯಾಡ್‌ನ 7, 8, 9 ಹಿಂದಿನ, ಈಗಿನ ಮತ್ತು ಮುಂದಿನ ಸಾಲನ್ನು ಓದಿಸುತ್ತವೆ. ವಿಎಸ್ ಕೋಡ್‌ನ ಒಳಗಿನ ಟರ್ಮಿನಲ್ ಬಳಸಿದರೆ ಆಲ್ಟ್ ಮತ್ತು ಎಫ್2 ಒತ್ತಿ ಆವರೆಗಿನ ಎಲ್ಲ ಉತ್ತರವನ್ನೂ ಸಾಮಾನ್ಯ ಪಠ್ಯದಂತೆ ಬಾಣದ ಕೀಗಳಿಂದ ಓದಬಹುದು.

ಇಡೀ ತೆರೆಯನ್ನು ಆಕ್ರಮಿಸುವ ಟರ್ಮಿನಲ್ ಪ್ರೋಗ್ರಾಮ್‌ಗಳ ವಿಷಯದಲ್ಲಿ ಎಚ್ಚರ ಬೇಕು. ವಿಮ್ ಎಂಬ ಎಡಿಟರ್, ಒಂದೇ ಟರ್ಮಿನಲ್ ಅನ್ನು ಹಲವಾಗಿಸುವ ಟಿಮಕ್ಸ್‌ನ ಸೀಳಿದ ಕಿಟಕಿಗಳು, ಬಣ್ಣಬಣ್ಣದ ಮೆನುಗಳು ನೋಡಲು ಕಮಾಂಡ್ ಲೈನ್‌ಗೆ ಸೇರಿದವಾದರೂ ಕಿವಿಯ ಮಟ್ಟಿಗೆ ಅವು ಹೆಸರುಪಟ್ಟಿಯಿಲ್ಲದ ಗ್ರಾಫಿಕಲ್ ಪ್ರೋಗ್ರಾಮ್‌ಗಳೇ, ಅಂದರೆ ಎರಡೂ ಲೋಕಗಳ ಕಷ್ಟ ಒಂದರಲ್ಲೇ. ಸರ್ವರ್‌ನಲ್ಲಿ ಒಂದು ಸಾಲು ತಿದ್ದಬೇಕಾದಾಗ ನ್ಯಾನೋ ಸಾಕು. ಕೇಳಿದ ಸಾಲನ್ನು ಮಾತ್ರ ತೋರಿಸುವ ಇಡಿ ಎಂಬ ಹಳೆಯ ಎಡಿಟರ್ ಇನ್ನೂ ಸೊಗಸು, ಕಣ್ಣಿರುವವರು ಅದನ್ನು ನೋಡಿ ನಗುವುದು ಬೇರೆ ಮಾತು. ಪೈಥಾನ್ 3.13ರಿಂದ ಅದರ ಸಂವಾದ ಕಿಟಕಿಯೂ ಬಣ್ಣ ಮತ್ತು ಹಲವು ಸಾಲಿನ ತಿದ್ದುವಿಕೆಯತ್ತ ಹೊರಳಿದೆ. ಓದುವಿಕೆಯಲ್ಲಿ ಗೊಂದಲವೆನಿಸಿದರೆ ಪೈಥಾನ್ ಬೇಸಿಕ್ ರೆಪ್ಲ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಬೆಲೆ ಕೊಟ್ಟು ಹಳೆಯ ಸರಳ ರೂಪಕ್ಕೆ ಮರಳಬಹುದು.

ಲಿನಕ್ಸ್ ಬಳಸುವವರಿಗೆ ಮೂರನೆಯ ದಾರಿಯೊಂದಿದೆ. ಪುಣೆಯಲ್ಲಿ ಓದಿ, ಐಐಟಿ ಬಾಂಬೆಯಿಂದ ಹೋಗಿ 1994ರಲ್ಲಿ ಕಾರ್ನೆಲ್‌ನಲ್ಲಿ ಪಿಎಚ್‌ಡಿ ಪಡೆದ ಟಿ.ವಿ. ರಾಮನ್, ಹದಿಹರೆಯದಲ್ಲೇ ದೃಷ್ಟಿ ಕಳೆದುಕೊಂಡವರು, 1995ರಲ್ಲಿ ಇಮ್ಯಾಕ್‌ಸ್ಪೀಕ್ ಹೊರತಂದರು. ತೆರೆಯ ಮೇಲೆ ಬಂದದ್ದನ್ನು ಓದುವ ಬದಲು ಅದು ಇಮ್ಯಾಕ್ಸ್ ಎಡಿಟರ್‌ನ ಒಳಗೇ ಕುಳಿತು, ಇದು ಕಾಮೆಂಟ್, ಇದು ಕೀವರ್ಡ್ ಎಂಬುದನ್ನು ತಿಳಿದುಕೊಂಡು ಬೇರೆ ಬೇರೆ ಧ್ವನಿಗಳಲ್ಲಿ ನುಡಿಯುತ್ತದೆ. ಕಣ್ಣಿಗೆ ಬಣ್ಣ ಮಾಡುವ ಕೆಲಸವನ್ನು ಕಿವಿಗೆ ಧ್ವನಿಭೇದ ಮಾಡುತ್ತದೆ. 2023ರ ಇಮ್ಯಾಕ್ಸ್ 29ರಲ್ಲಿ ಎಗ್ಲಾಟ್ ಒಳಸೇರಿರುವುದರಿಂದ ವಿಎಸ್ ಕೋಡ್‌ನಲ್ಲಿ ಸಿಗುವಂಥ ದೋಷಸೂಚನೆ, ಜಿಗಿತ, ಸಲಹೆಗಳೂ ಅಲ್ಲಿ ಸಿಗುತ್ತವೆ. ಕಲಿಕೆಗೆ ತಿಂಗಳುಗಳು ಬೇಕು, ನಿಜ; ಇಡೀ ವೃತ್ತಿಜೀವನ ಲಿನಕ್ಸ್‌ನಲ್ಲೇ ಕಳೆಯುವವರು ಆ ತಿಂಗಳುಗಳನ್ನು ಕೊಡಬಹುದು. ಗ್ರಾಫಿಕ್ಸ್ ಇಲ್ಲದ ಕನ್ಸೋಲ್‌ನಲ್ಲಿ ಓದಲು ಸ್ಪೀಕಪ್, ಬ್ರೈಲ್‌ಗೆ ಬಿಆರ್‌ಎಲ್‌ಟಿಟಿವೈ ಇವೆ. ಡೆಬಿಯನ್ ಎಂಬ ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ಬೂಟ್ ಮೆನುವಿನ ಬೀಪ್ ಕೇಳಿದೊಡನೆ ಎಸ್ ಮತ್ತು ಎಂಟರ್ ಒತ್ತಿದರೆ ಇಡೀ ಪ್ರಕ್ರಿಯೆ ಧ್ವನಿಯೊಡನೆ ನಡೆಯುತ್ತದೆ, ಯಾರ ಕಣ್ಣನ್ನೂ ಎರವಲು ಪಡೆಯಬೇಕಿಲ್ಲ.

ಹಂತ 5: ಒಂದೇ ದೋಷವನ್ನು ಎರಡೂ ಕಡೆ ಹುಡುಕಿ

ಈ ಹಂತಕ್ಕೆ ಒಂದು ಪೂರ್ತಿ ದಿನ ಕೊಡಿ. ತಾಲ್ಲೂಕೊಂದರ ಜನವರಿ ತಿಂಗಳ ಮಳೆ ದಾಖಲೆ ಓದಿ, ಎಷ್ಟು ದಿನಗಳ ದಾಖಲೆ ಇದೆ ಎಂದು ಎಣಿಸುವ ಫಂಕ್ಷನ್ ಇದೆಯೆಂದುಕೊಳ್ಳಿ. ಟೆಸ್ಟ್ ಪ್ರಕಾರ ಉತ್ತರ 31 ಬರಬೇಕು, ಬರುತ್ತಿರುವುದು 1. ಕಾರಣವಿಷ್ಟೇ: ರಿಟರ್ನ್ ಸಾಲು 4 ಖಾಲಿ ಜಾಗಗಳ ಬದಲು 8ರ ಬಳಿಕ ಆರಂಭವಾಗಿ ಲೂಪ್‌ನ ಒಳಗೆ ಸೇರಿಕೊಂಡಿದೆ, ಹೀಗಾಗಿ ಮೊದಲ ದಿನ ಎಣಿಸಿದೊಡನೆ ಫಂಕ್ಷನ್ ಮುಗಿದುಹೋಗುತ್ತದೆ. ವ್ಯಾಕರಣದ ಪ್ರಕಾರ ಕೋಡ್ ಸರಿಯಾಗಿರುವುದರಿಂದ ಎಡಿಟರ್ ಇದನ್ನು ದೋಷವೆಂದು ತೋರಿಸುವುದಿಲ್ಲ. ಇಂಡೆಂಟ್ ತಿಳಿಸುವ ಆಯ್ಕೆ ಇಲ್ಲದ ಸ್ಕ್ರೀನ್ ರೀಡರ್‌ನಲ್ಲಿ ಸರಿಯಾದ ಸಾಲೂ ತಪ್ಪಾದ ಸಾಲೂ ಒಂದೇ ರೀತಿ ಕೇಳುತ್ತವೆ.

ಗ್ರಾಫಿಕಲ್ ದಾರಿಯಲ್ಲಿ ಕಂಟ್ರೋಲ್, ಶಿಫ್ಟ್, ಓ ಒತ್ತಿ ಫಂಕ್ಷನ್‌ಗೆ ಹೋಗಿ ಕೆಳಬಾಣದಿಂದ ಸಾಲು ಸಾಲಾಗಿ ಇಳಿಯಿರಿ. ಲೂಪ್‌ನ ಒಳಗಿನ ಸಾಲಿಗೆ ಬಂದಾಗ ಸ್ವರ ಏರುತ್ತದೆ, ರಿಟರ್ನ್ ಸಾಲಿನಲ್ಲಿ ಅದು ಇಳಿಯಬೇಕಾಗಿತ್ತು, ಇಳಿಯುವುದಿಲ್ಲ. ಕಿವಿ ಪಳಗಿದವರಿಗೆ ದೋಷ ಇಲ್ಲಿಯೇ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಎಫ್9ರಿಂದ ಬ್ರೇಕ್‌ಪಾಯಿಂಟ್ ಇಟ್ಟು, ಎಫ್5ರಿಂದ ಓಡಿಸಿ, ಎಫ್10ರಿಂದ ಹೆಜ್ಜೆ ಹಾಕಿ, ವೇರಿಯಬಲ್‌ಗಳ ಪಟ್ಟಿಗೆ ಹೋಗಿ ಬೆಲೆ ನೋಡಿ ಮತ್ತೆ ಕೋಡ್‌ಗೆ ಮರಳಬೇಕು. ಈ ಹೋಗಿಬರುವಿಕೆ ಬೇಸರದ್ದು, ಪ್ರತಿ ಹೆಜ್ಜೆಗೂ ಫೋಕಸ್ ಎಲ್ಲಿದೆ ಎಂಬ ಅನುಮಾನ.

ಟರ್ಮಿನಲ್ ದಾರಿಯಲ್ಲಿ ಟೆಸ್ಟ್ ಓಡಿಸುವ ಪೈಟೆಸ್ಟ್‌ಗೆ ಮೊದಲ ಸೋಲಿಗೇ ನಿಲ್ಲುವ, ದೋಷ ಬಂದ ದಾರಿ ತೋರಿಸುವ ಟ್ರೇಸ್‌ಬ್ಯಾಕ್ ಚಿಕ್ಕದಾಗಿಸುವ, ಬಣ್ಣ ತೆಗೆಯುವ ಆಯ್ಕೆಗಳನ್ನು ಕೊಟ್ಟು ಓಡಿಸಿ. 31ರ ಬದಲು 1 ಬಂದಿದೆ ಎಂಬುದು ಕೆಲವೇ ಸಾಲುಗಳಲ್ಲಿ ತಿಳಿಯುತ್ತದೆ. ಬಳಿಕ ದೋಷ ಹುಡುಕಲು ಪೈಥಾನ್ ಜೊತೆಗೇ ಬರುವ ಪಿಡಿಬಿ ಡಿಬಗ್ಗರ್‌ನಲ್ಲಿ ಬಿ ಮತ್ತು ಸಾಲಿನ ಸಂಖ್ಯೆ ಕೊಟ್ಟು ನಿಲ್ಲಿಸಿ, ಎನ್ ಒತ್ತಿ ಒಂದು ಹೆಜ್ಜೆ ಮುಂದೆ ಹೋಗಿ, ಪಿ ಮತ್ತು ವೇರಿಯಬಲ್ ಹೆಸರು ಕೊಟ್ಟು ಬೆಲೆ ಕೇಳಿ. ಒಂದು ಪ್ರಶ್ನೆಗೆ ಒಂದೇ ಸಾಲಿನ ಉತ್ತರ, ಫೋಕಸ್ ಎಲ್ಲಿಗೂ ಓಡಿಹೋಗುವುದಿಲ್ಲ. ಎರಡು ಮೂರು ಹೆಜ್ಜೆಗಳಲ್ಲೇ ಫಂಕ್ಷನ್ ಹಿಂದಿರುಗುತ್ತಿರುವುದು ಗೊತ್ತಾಗುತ್ತದೆ. ಇಂಡೆಂಟ್‌ನ ಅನುಮಾನ ಬಂದಾಗ, ಸಾಲಿನ ಆರಂಭದಲ್ಲಿ ಸರಿಯಾಗಿ 8 ಖಾಲಿ ಜಾಗಗಳ ಬಳಿಕ ರಿಟರ್ನ್ ಇರುವ ಸಾಲುಗಳನ್ನು ಸಂಖ್ಯೆಯೊಡನೆ ಕೊಡು ಎಂದು ಪಠ್ಯ ಹುಡುಕುವ ಗ್ರೆಪ್ ಎಂಬ ಆಜ್ಞೆಗೆ ಕೇಳಬಹುದು. ಕಣ್ಣು ಹುಡುಕಬೇಕಾದದ್ದನ್ನು ಪ್ರಶ್ನೆಯಾಗಿ ಬದಲಿಸುವ ಈ ಕೌಶಲ ಒಮ್ಮೆ ಕೈಗೆ ಬಂದರೆ ಟರ್ಮಿನಲ್‌ನ ಬೆಲೆ ತಿಳಿಯುತ್ತದೆ.

ಎರಡೂ ದಾರಿಗಳಲ್ಲಿ ಹಿಡಿದ ಸಮಯವನ್ನು, ಮುಖ್ಯವಾಗಿ ಎಷ್ಟು ಬಾರಿ ‘ಈಗ ನಾನು ಎಲ್ಲಿದ್ದೇನೆ’ ಎಂದು ನಿಂತಿರಿ ಎಂಬುದನ್ನು ಬರೆದಿಡಿ. ಎರಡನೆಯ ಸಂಖ್ಯೆ ಮೊದಲನೆಯದಕ್ಕಿಂತ ಹೆಚ್ಚು ಸತ್ಯ ಹೇಳುತ್ತದೆ, ಏಕೆಂದರೆ ಹೊಸ ಸಾಧನದಲ್ಲಿ ನಿಧಾನ ಸಹಜ, ದಿಕ್ಕು ತಪ್ಪುವುದು ಮಾತ್ರ ಸಾಧನದ ಸ್ವಭಾವವನ್ನು ಸೂಚಿಸುತ್ತದೆ.

ಹಂತ 6: ಕೆಲಸಕ್ಕೊಂದು ಸಾಧನ ಗೊತ್ತುಮಾಡಿ

ಈ ಪರೀಕ್ಷೆಯ ಬಳಿಕ ಹೆಚ್ಚಿನವರ ಪಟ್ಟಿ ಮಿಶ್ರವಾಗಿಯೇ ಉಳಿಯುತ್ತದೆ ಎಂಬುದು ನನ್ನ ಅಂದಾಜು. ಬರೆಯಲು, ಓಡಾಡಲು, ಹೆಸರು ಬದಲಿಸಲು, ಇಡೀ ಯೋಜನೆಯ ಸ್ಥೂಲ ನೋಟ ಪಡೆಯಲು ಗ್ರಾಫಿಕಲ್ ಎಡಿಟರ್ ಮುಂದಿರುತ್ತದೆ. ಟೆಸ್ಟ್, ಗಿಟ್, ಹೆಜ್ಜೆ ಹೆಜ್ಜೆಯ ಡಿಬಗ್, ಸರ್ವರ್ ಕೆಲಸಗಳಲ್ಲಿ ಟರ್ಮಿನಲ್ ಮುಂದಿರುತ್ತದೆ. ದೂರದ ಸರ್ವರ್‌ನಲ್ಲಿ ದೀರ್ಘ ಕೆಲಸವಿದ್ದರೆ ವಿಎಸ್ ಕೋಡ್‌ನ ರಿಮೋಟ್ ಎಸ್‌ಎಸ್‌ಎಚ್ ಮೂಲಕ ಅಲ್ಲಿನ ಫೈಲನ್ನು ಇಲ್ಲಿನ ಎಡಿಟರ್‌ನಲ್ಲಿಯೇ ತಿದ್ದಬಹುದು.

ಅಕ್ಷರಗಳನ್ನು ಬೆರಳಿಗೆ ತಾಕುವ ಚುಕ್ಕಿಗಳಾಗಿ ಎಬ್ಬಿಸುವ ಬ್ರೈಲ್ ಡಿಸ್‌ಪ್ಲೇ ಇರುವವರ ಲೆಕ್ಕ ಸ್ವಲ್ಪ ಬೇರೆ. ಇಂಡೆಂಟ್ ಮತ್ತು ಚಿಹ್ನೆಗಳು ಬೆರಳಿಗೇ ಸಿಗುವುದರಿಂದ ಟರ್ಮಿನಲ್‌ನ ಕೋಷ್ಟಕವೂ ಅಷ್ಟು ಕಷ್ಟವಾಗದು. ಆದರೆ 40 ಕೋಶಗಳ ಡಿಸ್‌ಪ್ಲೇಯಲ್ಲಿ 8 ಖಾಲಿ ಜಾಗಗಳ ಇಂಡೆಂಟ್ ಐದನೆಯ ಒಂದು ಭಾಗವನ್ನು ನುಂಗುತ್ತದೆ, ಪೈಥಾನ್ ಶೈಲಿ ಸೂಚಿ ಒಪ್ಪುವ 79 ಅಕ್ಷರಗಳ ಸಾಲು ಒಮ್ಮೆಯಾದರೂ ಸರಿಸದೆ ಮುಗಿಯದು. ಕೋಡ್ ಓದುವಾಗ ಸಂಕ್ಷಿಪ್ತ ಬ್ರೈಲ್ ಬಿಟ್ಟು ಎಂಟು ಚುಕ್ಕಿಯ ಕಂಪ್ಯೂಟರ್ ಬ್ರೈಲ್ ಕೋಷ್ಟಕವನ್ನು ಆರಿಸಿಕೊಳ್ಳಬೇಕು.

ಎರಡಕ್ಕೂ ಬಗ್ಗದ ಕೆಲಸಗಳೂ ಇವೆ. ಮೌಸ್‌ನಿಂದ ಎಳೆದು ಕಿಟಕಿ ವಿನ್ಯಾಸ ಮಾಡುವ ಸಾಧನಗಳನ್ನು ಬಿಟ್ಟು ವಿನ್ಯಾಸವನ್ನು ಕೋಡ್‌ನಲ್ಲೇ ಬರೆಯಿರಿ. ಪೈಥಾನ್‌ನಲ್ಲಿ ಅದಕ್ಕೆ ಡಬ್ಲ್ಯುಎಕ್ಸ್‌ಪೈಥಾನ್ ಒಳ್ಳೆಯದು, ಎನ್‌ವಿಡಿಎ ತನ್ನ ಕಿಟಕಿಗಳಿಗೆ ಬಳಸುವುದೂ ಅದನ್ನೇ. ಕೋಡ್ ಮತ್ತು ಅದರ ಫಲಿತಾಂಶವನ್ನು ಒಟ್ಟಿಗೆ ಇಡುವ ಜುಪಿಟರ್ ನೋಟ್‌ಬುಕ್ ಬ್ರೌಸರ್‌ನಲ್ಲಿ ತೊಡಕೆನಿಸಿದರೆ ಅದನ್ನು ಸಾಮಾನ್ಯ ಪೈಥಾನ್ ಫೈಲ್ ಆಗಿ ಪರಿವರ್ತಿಸಿ ಓದಬಹುದು. ಸಹೋದ್ಯೋಗಿಗಳು ದೋಷವನ್ನು ಸ್ಕ್ರೀನ್‌ಶಾಟ್ ಆಗಿ ಕಳಿಸಿದರೆ ಎನ್‌ವಿಡಿಎ ಕೀಯೊಡನೆ ಆರ್ ಒತ್ತಿ ಅಕ್ಷರ ಗುರುತಿಸಿಕೊಳ್ಳಬಹುದು, ಆದರೆ ಕಂಸ ಮತ್ತು ಅಂಡರ್‌ಸ್ಕೋರ್‌ಗಳಲ್ಲಿ ಅದನ್ನು ನಂಬಬೇಡಿ, ಪಠ್ಯವಾಗಿಯೇ ಕಳಿಸಲು ಹೇಳಿ.

ಕೊನೆಯದಾಗಿ, ಎಡಿಟರ್ ಅಪ್‌ಡೇಟ್ ಆದ ಮೇಲೆ ನಿನ್ನೆ ಓದುತ್ತಿದ್ದ ಪಟ್ಟಿ ಇಂದು ಮೌನವಾಗುವುದುಂಟು. ಹೀಗಾಗಿ ಕೆಲಸದ ಗಡುವು ಹತ್ತಿರವಿರುವಾಗ ಅಪ್‌ಡೇಟ್ ಮಾಡಬೇಡಿ, ಮಾಡಿದ ಮೇಲೆ ಹಂತ 5ರ ಮಳೆ ಲೆಕ್ಕದ ಫೈಲನ್ನು ತೆರೆದು ಅದೇ ದೋಷವನ್ನು ಮತ್ತೆ ಹುಡುಕಿ ನೋಡಿ. ಹತ್ತು ನಿಮಿಷದ ಈ ಪರೀಕ್ಷೆಗಾಗಿ ಆ ಫೈಲನ್ನು ಸರಿಪಡಿಸದೆ, ತಪ್ಪಿನೊಡನೆಯೇ ಒಂದು ಪ್ರತಿ ಇಟ್ಟುಕೊಂಡಿರಿ. ಎನ್‌ವಿಡಿಎಯ ಪೋರ್ಟಬಲ್ ಪ್ರತಿಯನ್ನು ನಿಮ್ಮ ಪ್ರೊಫೈಲ್‌ಗಳ ಸಮೇತ ಒಂದು ಪೆನ್‌ಡ್ರೈವ್‌ನಲ್ಲಿ ಇಟ್ಟರೆ, ಸಂದರ್ಶನಕ್ಕೋ ಪರೀಕ್ಷೆಗೋ ಬೇರೆಯವರ ಕಂಪ್ಯೂಟರ್ ಮುಂದೆ ಕುಳಿತಾಗ ಅಲ್ಲಿಯೂ ರಿಟರ್ನ್ ಸಾಲಿನ ಸ್ವರ ನಿಮಗೆ ಗೊತ್ತಿರುವ ಎತ್ತರದಲ್ಲೇ ಕೇಳುತ್ತದೆ.